ದಾವಣಗೆರೆಯಲ್ಲಿ ಕೆಮಿಸ್ಟ್ರಿ ಟ್ಯೂಷನ್: ನಾವು ನೋಡಿದ್ದು, ಬಿಟ್ಟಿದ್ದು, ಹಿಡಿದಿದ್ದು

ನಮ್ಮದು ಕೆ.ಬಿ. ಬಡಾವಣೆ ಕಡೆ ಒಂದು ಮೆಡಿಕಲ್ ಶಾಪ್. ಮಗಳು ಸೈನ್ಸ್ ಓದಿದ್ದು ಗೊತ್ತಿರುವ ಗಿರಾಕಿಗಳು ಡಾಕ್ಟರ ಚೀಟಿ ಕೈಗೆ ಕೊಡುತ್ತಲೇ ಕೇಳುತ್ತಾರೆ: "ಅಣ್ಣಾ, ಕೆಮಿಸ್ಟ್ರಿಗೆ ಎಲ್ಲಿ ಹಾಕಿದ್ರಿ? ಹೆಂಗ್ ಹೇಳ್ಕೊಡ್ತಾರೆ?" ಕೌಂಟರಿನಲ್ಲಿ ನಿಂತು ಅರ್ಧಂಬರ್ಧ ಹೇಳಿ ಕಳಿಸಲು ಮನಸ್ಸು ಬರುವುದಿಲ್ಲ. ದುಡ್ಡಿನ ಮಾತು ಒಂದು ಕಡೆ ಇರಲಿ, ಮಗುವಿನ ಒಂದು ವರ್ಷದ ಮಾತು ಇದು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾವು ಕೊನೆಗೆ ಸೇರಿಸಿದ್ದು ಒಬ್ಬ ನಿವೃತ್ತ ಲೆಕ್ಚರರ್ ಹತ್ತಿರ. ಅವರ ಹೆಸರು, ಮನೆ ವಿಳಾಸ ಇಲ್ಲಿ ಹಾಕುವುದಿಲ್ಲ. ಕೇಳಿದೆ, ಬೇಡ ಎಂದರು. ಮನೆಯ ಮುಂದಿನ ಕೋಣೆಯಲ್ಲಿ ಎಂಟು ಮಕ್ಕಳಿಗಿಂತ ಜಾಸ್ತಿ ಹಿಡಿಸುವುದಿಲ್ಲ, ಜನ ಬಂದು ವಾಪಸ್ ಹೋಗುವುದು ಅವರಿಗೆ ಇಷ್ಟವಿಲ್ಲ. ಹಾಗಾಗಿ ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಅಂಥವರು ನಿಮ್ಮ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ಅವರನ್ನು ಗುರುತು ಹಿಡಿಯುವುದು ಹೇಗೆ ಎಂಬುದನ್ನೇ ನಾನು ಮುಖ್ಯವಾಗಿ ಹೇಳಬೇಕಾಗಿರುವುದು.

ಮಗಳ ವಿಷಯ ಸ್ವಲ್ಪ ಹೇಳಬೇಕು. ಹತ್ತನೇ ತರಗತಿವರೆಗೆ ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಇತ್ತು. ಪಿಯುಸಿಗೆ ಬಂದ ಕೂಡಲೇ ಪುಸ್ತಕ, ಪಾಠ, ಪರೀಕ್ಷೆ ಎಲ್ಲಾ ಇಂಗ್ಲಿಷ್. ಮ್ಯಾಥ್ಸ್ ಹೇಗೋ ಹಿಡಿದಳು, ಫಿಸಿಕ್ಸ್ ಪರವಾಗಿಲ್ಲ, ಕೆಮಿಸ್ಟ್ರಿ ಮಾತ್ರ ಕೈ ಕೊಟ್ಟಿತು. ಮೊದಲ ಪಿಯುಸಿ ವಾರ್ಷಿಕ ಪರೀಕ್ಷೆಯಲ್ಲಿ ಥಿಯರಿಗೆ 70ಕ್ಕೆ 38. ಫೇಲ್ ಏನಲ್ಲ. ಆದರೆ ಅವಳಿಗೆ ಇಂಜಿನಿಯರಿಂಗ್ ಬೇಕು, ಅದೂ ಊರಲ್ಲೇ ಯು.ಬಿ.ಡಿ.ಟಿ. ಅಥವಾ ಬಿ.ಐ.ಇ.ಟಿ.ಯಲ್ಲಿ ಸಿಕ್ಕರೆ ಸಾಕು ಎಂಬ ಆಸೆ. ನಮ್ಮ ರಾಜ್ಯದ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಭಾರ ಎರಡನೇ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ, ಇನ್ನರ್ಧ ಸಿಇಟಿಗೆ. ಸಿಇಟಿಯಲ್ಲೂ ಕೆಮಿಸ್ಟ್ರಿ 60 ಅಂಕ. ಅಂದರೆ ಕೆಮಿಸ್ಟ್ರಿ ಬಿದ್ದರೆ ಎರಡೂ ಕಡೆ ಪೆಟ್ಟು. ಮನೆಯಲ್ಲಿ ಅವಳ ಅವ್ವ ಒಂದೇ ಮಾತು ಹೇಳಿದಳು: "ಎಲ್ಲಾದಕ್ಕೂ ಟ್ಯೂಷನ್ ಬ್ಯಾಡ. ಯಾವುದು ಬರಲ್ವೋ ಅದಕ್ಕೆ ಒಳ್ಳೇರನ್ನ ನೋಡ್ರಿ." ಆ ಮಾತು ನಮಗೆ ತುಂಬಾ ಉಳಿತಾಯ ಮಾಡಿತು.

ದಾವಣಗೆರೆಯಲ್ಲಿ ಟ್ಯೂಷನ್ ಹುಡುಕುವುದು ಕಷ್ಟವಲ್ಲ, ಆರಿಸುವುದು ಕಷ್ಟ. ರಿಸಲ್ಟ್ ಬಂದ ವಾರ ಹದಡಿ ರಸ್ತೆ, ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಓಡಾಡಿ ನೋಡಿ. ಎಲ್ಲಿ ನೋಡಿದರೂ ಮಕ್ಕಳ ಫೋಟೋ ಇರುವ ಫ್ಲೆಕ್ಸ್. ಬೆಳಗ್ಗೆ ಆರು ಗಂಟೆಗೇ ಬ್ಯಾಗ್ ಹೊತ್ತ ಮಕ್ಕಳ ಸೈಕಲ್ಲು, ಸ್ಕೂಟಿ ಸಾಲು. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬಂದು ಪಿಜಿಯಲ್ಲಿದ್ದು ಓದುವ ಮಕ್ಕಳೂ ಬಹಳ. ಓದಿನ ಊರು ನಮ್ಮದು, ಅದು ಹೆಮ್ಮೆಯ ಮಾತೇ. ಆದರೆ ಫ್ಲೆಕ್ಸಿನಲ್ಲಿ ಇರುವುದು ಚೆನ್ನಾಗಿ ಓದಿದ ಮಕ್ಕಳ ಮುಖ. 38 ತೆಗೆದ ಮಗು ಅಲ್ಲಿಗೆ ಹೋಗಿ ಎಷ್ಟಕ್ಕೆ ಬಂತು ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. ನಮಗೆ ಬೇಕಾಗಿದ್ದು ಆ ಲೆಕ್ಕ.

ಮೊದಲು ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ ಹೋದೆವು. ಡೆಮೊ ಕ್ಲಾಸಿಗೆ ತಂದೆ ತಾಯಿ ಹಿಂದೆ ಕೂರಬಹುದು ಎಂದರು, ಅದು ಒಳ್ಳೆಯದು. ಹಾಲ್ ತುಂಬಾ ಮಕ್ಕಳು, ಸರ್ ಕೈಯಲ್ಲಿ ಮೈಕ್. ವಿಷಯ ಚೆನ್ನಾಗಿ ಗೊತ್ತಿರುವ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಎಲೆಕ್ಟ್ರೋಕೆಮಿಸ್ಟ್ರಿ ಶುರು ಮಾಡಿ ಲಾಗ್ ಇರುವ ನರ್ನ್ಸ್ಟ್ ಸಮೀಕರಣದವರೆಗೆ ಒಂದೇ ಉಸಿರಿಗೆ ಹೋದರು. ಬೋರ್ಡ್ ತುಂಬಿತು, ಒರೆಸಿದರು, ಮತ್ತೆ ತುಂಬಿತು. "ಡೌಟ್ಸ್?" ಎಂದು ಕೇಳಿದರು. ಒಂದು ಮಗುವೂ ಕೈ ಎತ್ತಲಿಲ್ಲ. ಅಷ್ಟು ಜನರ ಮಧ್ಯೆ ಯಾರು ಎತ್ತುತ್ತಾರೆ? ಮನೆಗೆ ಬರುವಾಗ ಗಾಡಿಯ ಹಿಂದೆ ಕೂತು ಮಗಳು ಹೇಳಿದಳು: "ಅಪ್ಪಾಜಿ, ಆ ಲಾಗ್ ಒಳಗೆ ಮೇಲೆ ಯಾವುದು ಬರುತ್ತೆ, ಕೆಳಗೆ ಯಾವುದು ಬರುತ್ತೆ ಅಂತ ಗೊತ್ತಾಗ್ಲಿಲ್ಲ. ಕೇಳೋಣ ಅಂದ್ಕೊಂಡೆ, ಮುಂದೆ ಹೋಗ್ಬಿಟ್ರು." ಅಕ್ಟೋಬರ್ ಹೊತ್ತಿಗೆ ಪೋರ್ಷನ್ ಮುಗಿಸುತ್ತೇವೆ, ಆಮೇಲೆ ಬರೀ ಟೆಸ್ಟ್ ಎಂದು ಆಫೀಸಿನಲ್ಲಿ ಹೇಳಿದರು. ಈಗಾಗಲೇ ಚೆನ್ನಾಗಿ ಬರುವ ಮಗುವಿಗೆ ಅದು ಒಳ್ಳೆಯ ಜಾಗವೇ. ವಾರ ವಾರ ಟೆಸ್ಟ್, ಓಎಂಆರ್ ಹಾಳೆ, ಪೈಪೋಟಿ ಎಲ್ಲಾ ಇದೆ. ನಮ್ಮ ಮಗುವಿಗೆ ಆಗ ಬೇಕಾಗಿದ್ದು ಅದಲ್ಲ.

ಆಮೇಲೆ ಒಂದು ಆನ್‌ಲೈನ್ ಟ್ಯೂಷನ್ ಆ್ಯಪ್. ಡೆಮೊ ಕ್ಲಾಸ್ ಬಹಳ ಚೆನ್ನಾಗಿತ್ತು. ಮೇಡಂ ನಗುನಗುತ್ತಾ ಹೇಳಿಕೊಟ್ಟರು. ಸೇರಿದರೆ ಇವರೇ ಬರುತ್ತಾರಾ ಎಂದು ಫೋನಿನಲ್ಲಿ ಕೇಳಿದೆ. "ನಮ್ಮ ಎಲ್ಲಾ ಟೀಚರ್‌ಗಳೂ ಅಷ್ಟೇ ಚೆನ್ನಾಗಿದ್ದಾರೆ ಸರ್" ಎಂದರು. ಅಂದರೆ ಇವರು ಬರುವುದಿಲ್ಲ ಎಂದೇ ಅರ್ಥ, ಅಲ್ವಾ? ಕನ್ನಡದಲ್ಲಿ ವಿವರಿಸುವವರು ಬೇಕು ಎಂದಾಗ ನೋಡಿ ಹೇಳುತ್ತೇವೆ ಎಂದರು. ವರ್ಷದ ದುಡ್ಡು ಒಟ್ಟಿಗೇ ಕಟ್ಟಬೇಕು, ಇಲ್ಲವೆಂದರೆ ಇಎಂಐ. ಇಎಂಐ ಎಂದರೆ ಅದು ಸಾಲ. ಪಾಠ ನಿಂತರೂ ಕಂತು ನಿಲ್ಲುವುದಿಲ್ಲ. ದಯವಿಟ್ಟು ಆ ಫಾರಂಗೆ ಸಹಿ ಹಾಕುವ ಮುಂಚೆ ಎರಡು ಸಲ ಓದಿ.

ಇನ್ನೊಬ್ಬರು ಮನೆಗೇ ಬಂದು ಹೇಳಿಕೊಡುತ್ತೇನೆ ಎಂದರು. ಬರುವಾಗಲೇ ಜೆರಾಕ್ಸ್ ನೋಟ್ಸ್ ತಂದಿದ್ದರು, ದಪ್ಪ ಕಟ್ಟು. ಮೊದಲ ಪಾಠ ಸಾಲಿಡ್ ಸ್ಟೇಟ್. ನನಗೆ ಅಲ್ಲೇ ಕಸಿವಿಸಿ ಆಯಿತು. ನಾನು ಡಿ.ಫಾರ್ಮ ಓದಿದವನು, ಕೆಮಿಸ್ಟ್ರಿ ಪೂರ್ತಿ ಬರುತ್ತದೆ ಎನ್ನುವುದಿಲ್ಲ, ಆದರೆ ಮಗಳ ಪುಸ್ತಕ ತಿರುವಿ ಹಾಕಿದ್ದೆ. ಈಗಿನ ಎರಡನೇ ಪಿಯುಸಿ ಪುಸ್ತಕದಲ್ಲಿ ಆ ಪಾಠವೇ ಇಲ್ಲ. ಎನ್‌ಸಿಇಆರ್‌ಟಿ ಪಠ್ಯ ಕಡಿಮೆ ಮಾಡಿದಾಗ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಲೋಹ ತೆಗೆಯುವ ಮೆಟಲರ್ಜಿ ಪಾಠ, ಪಿ-ಬ್ಲಾಕ್, ಪಾಲಿಮರ್ಸ್, ದಿನನಿತ್ಯದ ಕೆಮಿಸ್ಟ್ರಿ ಇವೆಲ್ಲಾ ಹೋದವು. ನಮ್ಮ ರಾಜ್ಯದಲ್ಲಿ 2023-24ರಿಂದ ಹತ್ತೇ ಪಾಠ: ಸೊಲ್ಯೂಷನ್ಸ್‌ನಿಂದ ಶುರುವಾಗಿ ಬಯೋಮಾಲಿಕ್ಯೂಲ್ಸ್‌ಗೆ ಮುಗಿಯುತ್ತದೆ. ಇದು ಸಣ್ಣ ವಿಷಯವಲ್ಲ. 2024ರ ಸಿಇಟಿಯಲ್ಲಿ ಹೀಗೆ ತೆಗೆದುಹಾಕಿದ ಭಾಗದಿಂದ ಪ್ರಶ್ನೆ ಬಂದು ರಾಜ್ಯದಲ್ಲೆಲ್ಲಾ ಗಲಾಟೆ ಆಗಿದ್ದು ನೆನಪಿರಬಹುದು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ನೀಟ್ ಬರೆಯುವವರ ಲೆಕ್ಕ ಬೇರೆ, ಅದರ ಪಠ್ಯದಲ್ಲಿ ಪಿ-ಬ್ಲಾಕ್ ಇದೆ. ಆದ್ದರಿಂದ ಯಾರನ್ನೇ ಟ್ಯೂಷನ್‌ಗೆ ಕೇಳುವಾಗಲೂ, ಈ ವರ್ಷ ಯಾವ ಯಾವ ಪಾಠ ಮಾಡುತ್ತೀರಿ ಎಂದು ಸುಮ್ನೆ ಒಮ್ಮೆ ಕೇಳಿ. ಥಟ್ಟನೆ ಹೇಳುವವರು ಈಗಿನ ಪುಸ್ತಕ ತೆರೆದು ನೋಡಿದವರು. ಮನೆಗೆ ಬಂದವರಿಗೆ ಕಾಫಿ ಕೊಟ್ಟು, ಕೈ ಮುಗಿದು ಕಳಿಸಿದೆವು.

ಮೇಷ್ಟ್ರ ಸುದ್ದಿ ಹೇಳಿದ್ದು ಅಂಗಡಿಗೆ ಬಿಪಿ ಮಾತ್ರೆಗೆ ಬರುವ ಒಬ್ಬ ಹಿರಿಯರು. ಅವರ ಮೊಮ್ಮಗ ಅಲ್ಲಿ ಓದಿದ್ದ. ವಿದ್ಯಾನಗರದ ಕೊನೆ ಬಸ್ ಸ್ಟಾಪಿನಿಂದ ನಡೆದು ಹೋಗುವಷ್ಟು ದೂರ. ಬೋರ್ಡಿಲ್ಲ, ಫ್ಲೆಕ್ಸಿಲ್ಲ. ಮುಂದಿನ ಕೋಣೆಯಲ್ಲಿ ಎರಡು ಉದ್ದನೆ ಬೆಂಚು, ಗೋಡೆಗೆ ಕರಿ ಹಲಗೆ, ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಬ್ಯುರೆಟ್ಟು, ಅಂದರೆ ದ್ರಾವಣವನ್ನು ಅಳೆದು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ.

ಫೀಸಿನ ಮಾತು ಆಮೇಲೆ, ಮೊದಲು ಮಗು ಜೊತೆ ಮಾತಾಡುತ್ತೇನೆ ಎಂದರು. ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತೆ. ಕೇಳಿದ್ದು ಮೋಲ್ ಲೆಕ್ಕ. ಮೋಲ್ ಎಂದರೆ ಡಜನ್ ಇದ್ದ ಹಾಗೆ, ಅಣು, ಪರಮಾಣು ಎಣಿಸುವ ಅಳತೆ.

"ಹದಿನೆಂಟು ಗ್ರಾಂ ನೀರು. ಎಷ್ಟು ಮೋಲ್ ಆಯ್ತಮ್ಮಾ?"

"ಒಂದು ಸರ್."

"ಒಂದು ಲೋಟ ನೀರು ಇದೆ. ನೂರಾ ಎಂಬತ್ತು ಗ್ರಾಂ ಅಂತಿಟ್ಕೋ. ಈಗ?"

ಸ್ವಲ್ಪ ಯೋಚಿಸಿ, ಹತ್ತು ಎಂದಳು.

"ಆ ಲೋಟದಲ್ಲಿ ಹೈಡ್ರೋಜನ್ ಪರಮಾಣು ಎಷ್ಟು ಮೋಲ್?"

ಮಗಳು ನಿಂತುಬಿಟ್ಟಳು. ಹತ್ತು ಎಂದಳು, ಅಲ್ಲ ಎಂದಳು, ಐದು ಎಂದಳು. ಮೇಷ್ಟ್ರು ತಪ್ಪು ಎನ್ನಲಿಲ್ಲ. ಹಲಗೆ ಮೇಲೆ ನೀರಿನ ಒಂದು ಅಣು ಬರೆದು, ಇದರಲ್ಲಿ ಹೈಡ್ರೋಜನ್ ಎಷ್ಟು ಎಂದು ಕೇಳಿದರು. ಎರಡು. ಹತ್ತು ಅಣುವಿನಲ್ಲಿ? ಇಪ್ಪತ್ತು. ಹತ್ತು ಮೋಲ್ ಅಣುವಿನಲ್ಲಿ? ಅಷ್ಟು ಹೊತ್ತಿಗೆ ಅವಳೇ ನಕ್ಕಳು, ಇಪ್ಪತ್ತು ಮೋಲ್ ಎಂದಳು.

ಹೀಗೇ ಅರ್ಧ ಗಂಟೆ. ಪಾಠ ಒಂದೂ ಮಾಡಲಿಲ್ಲ, ಬರೀ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಹುಡುಗಿ ಜಾಣೆ. ಫಸ್ಟ್ ಪಿಯು ಮೊದಲ ಪಾಠ ಬಿಟ್ಟುಹೋಗಿದೆ. ಅದೊಂದು ಬರದೆ ಸೆಕೆಂಡ್ ಪಿಯು ಸೊಲ್ಯೂಷನ್ಸ್ ಬರಲ್ಲ, ಎಲೆಕ್ಟ್ರೋ ಬರಲ್ಲ, ಪ್ರಾಕ್ಟಿಕಲ್ ಲೆಕ್ಕ ಬರಲ್ಲ. ಮೂರು ವಾರ ನಾನು ಸೆಕೆಂಡ್ ಪಿಯು ಪುಸ್ತಕ ಮುಟ್ಟಲ್ಲ. ನಿಮಗೆ ಒಪ್ಪಿಗೆ ಇದ್ದರೆ ಕಳಿಸಿ."

ಬೇರೆ ಎಲ್ಲೂ ಯಾರೂ ಹೇಳದ ಮಾತು ಅದು. ಎಲ್ಲರೂ ಮುಂದೆ ಓಡುವ ಮಾತಾಡಿದರು, ಇವರೊಬ್ಬರು ಹಿಂದೆ ಹೋಗೋಣ ಎಂದರು. ನನ್ನ ಪ್ರಕಾರ ಟ್ಯೂಷನ್ ಮೇಷ್ಟ್ರನ್ನು ಅಳೆಯಲು ಇದೊಂದೇ ಸಾಕು. ಮೊದಲ ದಿನ ಯಾರು ಜಾಸ್ತಿ ಮಾತಾಡಿದರು, ಮೇಷ್ಟ್ರೋ ಮಗುವೋ? ಮಗು ಎಲ್ಲಿ ನಿಂತಿದೆ ಎಂದು ಅವರು ಹುಡುಕಿದರೋ, ಇಲ್ಲ ತಮಗೆ ಬರುವುದನ್ನು ತೋರಿಸಿದರೋ? ಹಿಂದೆ ಕೂತು ಕಿವಿ ಕೊಟ್ಟರೆ ಕೆಮಿಸ್ಟ್ರಿ ಬರದ ತಂದೆ ತಾಯಿಗೂ ಇದು ಗೊತ್ತಾಗುತ್ತದೆ.

ಪಾಠ ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಸೊಲ್ಯೂಷನ್ಸ್ ಪಾಠ ಶುರುವಾದಾಗ ಮಗಳ ಕೈಲಿ ಹೇಳಿ ಕಳಿಸಿದರು, ಅಂಗಡಿಯಿಂದ ಒಂದು ನಾರ್ಮಲ್ ಸಲೈನ್ ಬಾಟಲಿ ಬೇಕು, ಖಾಲಿಯಾದರೂ ಪರವಾಗಿಲ್ಲ ಅಂತ. ನಾನು ದಿನಾ ಮಾರುವ ಬಾಟಲಿ. ಲೇಬಲ್ ಮೇಲೆ ಸೋಡಿಯಂ ಕ್ಲೋರೈಡ್ ಶೇ. 0.9 ಎಂದು ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಸೋಡಿಯಂ 154, ಕ್ಲೋರೈಡ್ 154, ಆಸ್ಮೊಲಾರಿಟಿ (ಕರಗಿದ ಕಣಗಳ ಒಟ್ಟು ಲೆಕ್ಕ) 308 ಎಂದು ಇರುತ್ತದೆ. ಆ ಅಂಕಿಗಳನ್ನು ಇಷ್ಟು ವರ್ಷ ನೋಡಿದ್ದೇನೆ.

ಮೇಷ್ಟ್ರು ಅದನ್ನು ಮಕ್ಕಳ ಕೈಗೆ ಕೊಟ್ಟು, ಈ 154 ಎಲ್ಲಿಂದ ಬಂತು ಹೇಳಿ ಎಂದರಂತೆ. ಶೇ. 0.9 ಎಂದರೆ 100 ಮಿಲಿ ಲೀಟರಿಗೆ 0.9 ಗ್ರಾಂ ಉಪ್ಪು. ಒಂದು ಲೀಟರಿಗೆ 9 ಗ್ರಾಂ. ಸೋಡಿಯಂ 23, ಕ್ಲೋರಿನ್ 35.5, ಕೂಡಿದರೆ 58.5. 9 ಅನ್ನು 58.5ರಿಂದ ಭಾಗಿಸಿದರೆ 0.154 ಮೋಲ್ ಬರುತ್ತದೆ. ಸಾವಿರದಿಂದ ಗುಣಿಸಿದರೆ 154 ಮಿಲಿಮೋಲ್. ಲೇಬಲ್ ಮೇಲಿರುವ ಅಂಕಿಯೇ! ಹಾಗಾದರೆ 308 ಯಾಕೆ? ಉಪ್ಪು ನೀರಿಗೆ ಬಿದ್ದರೆ ಸೋಡಿಯಂ ಬೇರೆ, ಕ್ಲೋರೈಡ್ ಬೇರೆ ಆಗುತ್ತದೆ. ಒಂದು ಇದ್ದದ್ದು ಎರಡಾಗುತ್ತದೆ. ಅದಕ್ಕೆ 154ರ ಎರಡರಷ್ಟು. ಪುಸ್ತಕದಲ್ಲಿ ವಾಂಟ್ ಹಾಫ್ ಫ್ಯಾಕ್ಟರ್ ಎಂದು ಬರುವುದು ಇದೇ. ಆಮೇಲೆ, ರಕ್ತನಾಳಕ್ಕೆ ಬರೀ ನೀರು ಕೊಡದೆ ಇದನ್ನೇ ಯಾಕೆ ಕೊಡುತ್ತಾರೆ ಎಂಬ ಪ್ರಶ್ನೆ. ಬರೀ ನೀರಾದರೆ ಅದು ಕೆಂಪು ರಕ್ತಕಣದ ಒಳಗೆ ನುಗ್ಗಿ ಕಣ ಊದಿಕೊಳ್ಳುತ್ತದೆ, ಉಪ್ಪು ಜಾಸ್ತಿಯಾದರೆ ಕಣ ಸುಕ್ಕಾಗುತ್ತದೆ. ಆಸ್ಮಾಟಿಕ್ ಪ್ರೆಷರ್ ಪಾಠ ಅಲ್ಲಿಗೆ ಮುಗಿಯಿತು.

ಅವತ್ತು ರಾತ್ರಿ ಮಗಳು ಅಂಗಡಿಗೆ ಬಂದು ಕೌಂಟರಿನ ಮೇಲಿದ್ದ ಬಾಟಲಿ ತೋರಿಸಿ, "ಅಪ್ಪಾಜಿ, ಈ ಅರ್ಧ ಲೀಟರ್ ಬಾಟ್ಲಲ್ಲಿ ಉಪ್ಪು ಎಷ್ಟು ಹೇಳಿ ನೋಡೋಣ" ಎಂದಳು. ನಾಲ್ಕೂವರೆ ಗ್ರಾಂ ಎಂದು ಅವಳೇ ಹೇಳಿ, 154ರ ಲೆಕ್ಕವನ್ನು ಬಿಲ್ ಹಾಳೆಯ ಹಿಂದೆ ಮಾಡಿ ತೋರಿಸಿದಳು. ಆ ಹಾಳೆ ಇನ್ನೂ ನನ್ನ ಡ್ರಾಯರಿನಲ್ಲಿದೆ. ಕೆಮಿಸ್ಟ್ರಿ ಎಂದರೆ ಮುಖ ಸಣ್ಣ ಮಾಡುತ್ತಿದ್ದ ಮಗು ಅದು. ನಾನು ಕೊಟ್ಟ ಫೀಸು ಅವತ್ತೇ ತೀರಿತು.

ಪ್ರಾಕ್ಟಿಕಲ್ ವಿಷಯದಲ್ಲೂ ಮೇಷ್ಟ್ರು ಬಿಗಿ. ಕೆಮಿಸ್ಟ್ರಿಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಈ 30ನ್ನು ಎಷ್ಟೋ ಮಕ್ಕಳು, ತಂದೆ ತಾಯಿ ಹಗುರ ಮಾಡುತ್ತಾರೆ. ಮನೆಯಲ್ಲಿ ಆ್ಯಸಿಡ್ ಇಡುವುದಿಲ್ಲ, ಅದು ಕಾಲೇಜ್ ಲ್ಯಾಬಿನಲ್ಲೇ ಆಗಬೇಕು ಎಂಬುದು ಅವರ ಕಟ್ಟುನಿಟ್ಟು. ಇಲ್ಲಿ ಕಲಿಸುವುದು ಕೈ ಮತ್ತು ಕಣ್ಣಿನ ಕೆಲಸ. ನಮ್ಮ ಅಂಗಡಿಯ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ನಾಲ್ಕು ನೀರಿಗೆ ಹಾಕಿ ಬ್ಯುರೆಟ್ ತುಂಬಿಸುತ್ತಾರೆ. ಬಣ್ಣ ದಟ್ಟ ನೇರಳೆ. ಬಣ್ಣವಿಲ್ಲದ ದ್ರಾವಣವಾದರೆ ಕೆಳಗಿನ ಬಾಗು ನೋಡಿ ಓದಬೇಕು. ಪರ್ಮಾಂಗನೇಟಿನಲ್ಲಿ ಕೆಳಗಿನದು ಕಾಣುವುದೇ ಇಲ್ಲ, ಮೇಲಿನ ಅಂಚು ಓದಬೇಕು. ಕಣ್ಣು ಆ ಗೆರೆಯ ಮಟ್ಟಕ್ಕೇ ಬರಬೇಕು, ಬಗ್ಗಿಯಾದರೂ ಸರಿ, ಸ್ಟೂಲ್ ಹತ್ತಿಯಾದರೂ ಸರಿ. ಎಡಗೈಯಲ್ಲಿ ತಿರುಪು ಹಿಡಿದು ಹನಿ ಹನಿಯಾಗಿ ಬಿಡುವುದನ್ನು ಎಲ್ಲಾ ಮಕ್ಕಳ ಕೈಲೂ ಮಾಡಿಸುತ್ತಾರೆ. ಲ್ಯಾಬಿನಲ್ಲಿ ಕೆಳಗಿನ ಫ್ಲಾಸ್ಕಿನ ದ್ರಾವಣ ತಿಳಿ ಗುಲಾಬಿಯಾಗಿ ನಿಲ್ಲುವವರೆಗೆ ಪರ್ಮಾಂಗನೇಟ್ ಬಿಡಬೇಕು. ಜೊತೆಗೆ ಕಾರಣ ಹೇಳುತ್ತಾರೆ. ಆಕ್ಸಾಲಿಕ್ ಆ್ಯಸಿಡ್ ಆದರೆ ಬಿಸಿ ಮಾಡಬೇಕು, ಇಲ್ಲದಿದ್ದರೆ ಕ್ರಿಯೆ ಬಹಳ ನಿಧಾನ. ಮೋರ್ಸ್ ಸಾಲ್ಟ್ ಆದರೆ ಬಿಸಿ ಮಾಡಬಾರದು, ಅದರ ಕಬ್ಬಿಣ ಗಾಳಿಗೇ ಕೆಟ್ಟುಹೋಗುತ್ತದೆ. ಹಾಕಬೇಕಾದ್ದು ಸಲ್ಫ್ಯೂರಿಕ್ ಆ್ಯಸಿಡ್, ಹೈಡ್ರೋಕ್ಲೋರಿಕ್ ಅಲ್ಲ, ಯಾಕೆಂದರೆ ಪರ್ಮಾಂಗನೇಟ್ ಅದನ್ನೂ ತಿಂದು ಲೆಕ್ಕ ಕೆಡಿಸುತ್ತದೆ. ಆ್ಯಸಿಡ್ ಕಡಿಮೆ ಬಿದ್ದರೆ ಗುಲಾಬಿ ಬದಲು ಕಂದು ಬಣ್ಣ ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನ ಹುಡುಗಿಗೆ ಕಂದು ಬಂದಾಗ ಕಾರಣ ಹೇಳಿದ್ದು ನನ್ನ ಮಗಳೇ.

ಭಾಷೆಯ ವಿಷಯಕ್ಕೆ ಬಂದರೆ, ವಿವರಿಸುವುದೆಲ್ಲಾ ಕನ್ನಡದಲ್ಲಿ, ಬರೆಸುವುದೆಲ್ಲಾ ಇಂಗ್ಲಿಷಿನಲ್ಲಿ. ಅರ್ಥವಾದ ಮೇಲೆ, ಇದನ್ನೇ ನಿನ್ನ ಮಾತಲ್ಲಿ ಎರಡು ವಾಕ್ಯ ಇಂಗ್ಲಿಷಲ್ಲಿ ಬರೆ ಎನ್ನುತ್ತಾರೆ. ಮೊದಲು ತಪ್ಪು ತಪ್ಪಾಗಿ ಬರೆಯುತ್ತಿದ್ದಳು. ದಸರಾ ಹೊತ್ತಿಗೆ ಸರಿಹೋಯಿತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ತಂದೆ ತಾಯಿ ಇದನ್ನು ವಿಶೇಷವಾಗಿ ವಿಚಾರಿಸಬೇಕು. ಬರೀ ಕನ್ನಡದಲ್ಲಿ ಹೇಳಿ ಬಿಟ್ಟರೆ ಪರೀಕ್ಷೆಯಲ್ಲಿ ಬರೆಯಲು ಆಗುವುದಿಲ್ಲ. ಬರೀ ಇಂಗ್ಲಿಷಾದರೆ ಬಾಯಿಪಾಠ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೊದಲನೆಯದು ಸಿಇಟಿ ತಯಾರಿ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ ನಿಜ, ಆದರೆ ವೇಗ ಬೇಕು. ಮೇಷ್ಟ್ರು ಗಡಿಯಾರ ಇಟ್ಟು ಪ್ರಶ್ನೆ ಬಿಡಿಸಲು ಹಚ್ಚುವುದಿಲ್ಲ. ಅರ್ಥವಾಗಿದ್ದರೆ ವೇಗ ತಾನಾಗಿ ಬರುತ್ತದೆ ಎನ್ನುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಭ್ಯಾಸವಿಲ್ಲದೆ ವೇಗ ಬರುವುದಿಲ್ಲ. ಹಾಗಾಗಿ ಹಳೆಯ ಸಿಇಟಿ ಪ್ರಶ್ನೆಪತ್ರಿಕೆಗಳನ್ನು ಭಾನುವಾರ ಮನೆಯಲ್ಲೇ ಸಮಯ ಇಟ್ಟು ಬಿಡಿಸಿದಳು. ಐಐಟಿ ಕಾನ್ಪುರದವರು ನಡೆಸುವ ಸಾಥಿ ಎಂಬ ಪೋರ್ಟಲ್ ಇದೆ, ಜೆಇಇ, ನೀಟ್ ಮಕ್ಕಳಿಗೆ. ಪೂರ್ತಿ ಉಚಿತ. ಅದರ ವಿಡಿಯೋಗಳೂ ಅವಳಿಗೆ ಉಪಯೋಗಕ್ಕೆ ಬಂದವು.

ಎರಡನೆಯದು, ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠ ಸ್ವಲ್ಪ ಅವಸರವಾಯಿತು ಎಂದು ಮಗಳೇ ಹೇಳಿದಳು. ಫಿಸಿಕಲ್ ಮತ್ತು ಆರ್ಗ್ಯಾನಿಕ್ ಮೇಷ್ಟ್ರಿಗೆ ಪ್ರಾಣ. ಆಲ್ಡಾಲ್, ಕ್ಯಾನಿಝಾರೊ ಎಂಬ ಎರಡು ಕ್ರಿಯೆಗಳ ವ್ಯತ್ಯಾಸ ಹೇಳುವಾಗ ಒಂದೊಂದು ಅಣುವಿನಲ್ಲೂ ಆಲ್ಫಾ ಹೈಡ್ರೋಜನ್ ಎಲ್ಲಿದೆ ಎಂದು ಮಕ್ಕಳ ಕೈಲೇ ಗುರುತು ಹಾಕಿಸುತ್ತಾರಂತೆ. ಇನಾರ್ಗ್ಯಾನಿಕ್ ಬಂದಾಗ ಆ ನಿಧಾನ ಇರಲಿಲ್ಲ. ಮೂರನೆಯದು, ಮುದ್ರಿತ ನೋಟ್ಸ್ ಕೊಡುವುದಿಲ್ಲ. ಒಂದು ದಿನ ಜ್ವರ ಬಂದು ತಪ್ಪಿದರೆ ಬೇರೆ ಮಕ್ಕಳ ಪುಸ್ತಕವೇ ಗತಿ. ಫೋನ್ ಸಂಜೆ ಏಳರ ಮೇಲೆ ಎತ್ತುವುದಿಲ್ಲ. ಬೆಳಗ್ಗೆ ಬ್ಯಾಚ್ ಆರಕ್ಕೆ ಎಂದರೆ ಆರಕ್ಕೆ. ಚಳಿಗಾಲದಲ್ಲಿ ಆ ಹೊತ್ತಿಗೆ ಬೀದಿಯಲ್ಲಿ ಕತ್ತಲು, ನಾಯಿ ಕಾಟ ಬೇರೆ. ಹೆಣ್ಣುಮಕ್ಕಳನ್ನು ಮನೆಯವರೇ ಬಿಟ್ಟು ಬರುವುದು ಒಳ್ಳೆಯದು. ನಾನು ಹಾಗೇ ಮಾಡಿದೆ.

ಫೀಸು ವರ್ಷಕ್ಕೆ 15,000 ತಗೊಂಡರು, ಮೂರು ಕಂತಿನಲ್ಲಿ. ದೊಡ್ಡ ಸೆಂಟರಿನಲ್ಲಿ ಮೂರು ವಿಷಯಕ್ಕೆ ಒಟ್ಟಿಗೆ ಹೇಳಿದ್ದು ಇದರ ಎಷ್ಟೋ ಪಟ್ಟು, ಒಂದೇ ವಿಷಯಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದರು. ಸೆಂಟರಿಗೆ ಸೇರಿಸುವವರು ಎರಡು ವಿಷಯ ಕೇಳಿಕೊಳ್ಳಿ. ಕೋಚಿಂಗಿಗೆ ಶೇ. 18 ಜಿಎಸ್‌ಟಿ ಇದೆ, ಹೇಳಿದ ಫೀಸಿನಲ್ಲಿ ಅದು ಸೇರಿದೆಯಾ ಇಲ್ಲವಾ? ಮತ್ತೆ ಮಧ್ಯದಲ್ಲಿ ಬಿಟ್ಟರೆ ದುಡ್ಡಿನ ಕಥೆ ಏನು? ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿದ ಮಗು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ದುಡ್ಡನ್ನು 10 ದಿನದೊಳಗೆ ವಾಪಸ್ ಕೊಡಬೇಕು, ಕಟ್ಟಿದ ದುಡ್ಡಿಗೆ ರಸೀದಿ ಕೊಡಬೇಕು, ದಿನಕ್ಕೆ 5 ಗಂಟೆಗಿಂತ ಜಾಸ್ತಿ ಪಾಠ ಇರಬಾರದು, 16 ವರ್ಷ ಆಗದ ಮಕ್ಕಳನ್ನು ಸೇರಿಸಿಕೊಳ್ಳಬಾರದು ಎಂದೆಲ್ಲಾ ಅದರಲ್ಲಿದೆ. 50ಕ್ಕಿಂತ ಜಾಸ್ತಿ ಮಕ್ಕಳಿರುವ ಸೆಂಟರುಗಳ ಮಾತು ಇದು, ಮನೆಪಾಠಕ್ಕೆ ಅನ್ವಯಿಸುವುದಿಲ್ಲ. ಆದರೂ ದುಡ್ಡು ಕಟ್ಟುವ ಮುಂಚೆ ಈ ಮಾತು ಎತ್ತಿ ನೋಡಿ, ಎದುರಿನವರು ಹೇಗೆ ಉತ್ತರ ಕೊಡುತ್ತಾರೆ ಎಂಬುದೇ ಅರ್ಧ ಸಂಗತಿ ಹೇಳುತ್ತದೆ.

ಬೇರೆ ವಿಷಯಗಳ ಬಗ್ಗೆ ಕೇಳುವವರೂ ಇದ್ದಾರೆ. ಮ್ಯಾಥ್ಸ್‌ಗೆ ನಾವು ಯಾರನ್ನೂ ಇಡಲಿಲ್ಲ. ಕಾಲೇಜಿನ ಲೆಕ್ಚರರ್ ಚೆನ್ನಾಗಿದ್ದರು, ಅದು ಸಾಕಾಯಿತು. ಫಿಸಿಕ್ಸ್‌ಗೆ ಕೊನೆ ಮೂರು ತಿಂಗಳು ಒಂದು ರಿವಿಷನ್ ಬ್ಯಾಚ್. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಪ್ರಶ್ನೆಪತ್ರಿಕೆ ಬಿಡಿಸಿದರು, ಅಷ್ಟೇ.

ಎಂಟನೇ ತರಗತಿಯ ಮಗನಿಗೆ ಮಾತ್ರ ಮನೆಗೇ ಒಬ್ಬ ಹುಡುಗಿ ಬರುತ್ತಾಳೆ. ತೋಳಹುಣಸೆಯ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಕ್ಲಾಸ್ ಮುಗಿಸಿ ಬಸ್ಸಿಗೆ ಬಂದು ಲೆಕ್ಕ, ವಿಜ್ಞಾನ ಎರಡೂ ಹೇಳಿಕೊಡುತ್ತಾಳೆ. ತಿಂಗಳಿಗೆ 2,500. ಮಗ ಅವಳನ್ನು ಅಕ್ಕ ಎನ್ನುತ್ತಾನೆ, ತಪ್ಪು ಮಾಡಲು ಹೆದರುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ಇಂಥ ವಿದ್ಯಾರ್ಥಿಗಳನ್ನು ಇಡುವುದು ನನಗೆ ಬಹಳ ಒಳ್ಳೆಯದು ಅನ್ನಿಸಿದೆ. ಅವರಿಗೂ ಓದಿನ ಖರ್ಚಿಗೆ ಆಗುತ್ತದೆ. ಅವಳ ಪರೀಕ್ಷೆ ಬಂದಾಗ ಎರಡು ವಾರ ಬರುವುದಿಲ್ಲ, ಅದನ್ನು ಮೊದಲೇ ಮಾತಾಡಿಕೊಂಡಿದ್ದೇವೆ. ಪಾಠ ನಡೆಯುವುದು ಹಾಲಿನಲ್ಲಿ, ಬಾಗಿಲು ತೆರೆದೇ ಇರುತ್ತದೆ, ಮನೆಯವಳು ಅಡುಗೆಮನೆಯಲ್ಲಿ ಇರುತ್ತಾಳೆ. ಮನೆಗೆ ಯಾರೇ ಬಂದು ಹೇಳಿಕೊಡಲಿ, ಈ ಕ್ರಮ ಇಟ್ಟುಕೊಳ್ಳಿ.

ಇನ್ನು ಅಂಕದ ವಿಷಯ, ಎಲ್ಲರೂ ಕೇಳುವುದು ಅದನ್ನೇ. ಎರಡನೇ ಪಿಯುಸಿ ಪರೀಕ್ಷೆ 1ರಲ್ಲಿ ಮಗಳಿಗೆ ಕೆಮಿಸ್ಟ್ರಿ ಥಿಯರಿ 70ಕ್ಕೆ 61 ಬಂತು. ಪ್ರಾಕ್ಟಿಕಲ್ 30ಕ್ಕೆ 30. ಒಂದು ಅಂಕದ ಪ್ರಶ್ನೆಗಳು 20 ಇರುತ್ತವೆ, ಅದರಲ್ಲಿ ಎರಡು ಹೋಯಿತು ಎಂದು ಅವಳಿಗೆ ಇನ್ನೂ ಬೇಜಾರು. ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಇರುವುದರಿಂದ ಜಾಸ್ತಿ ಅಂಕ ಬೇಕೆಂದರೆ ಪರೀಕ್ಷೆ 2 ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬರುತ್ತದೋ ಅದೇ ಉಳಿಯುತ್ತದೆ. ನಾವು ಮೇಷ್ಟ್ರನ್ನು ಕೇಳಿದೆವು. "ಇದರ ಮೇಲೆ ನಾಲ್ಕು ಅಂಕಕ್ಕೆ ಮಗೂನ ಮತ್ತೆ ಕೂರಿಸಬೇಡಿ, ಸಿಇಟಿಗೆ ಓದಲಿ" ಎಂದರು. ಫ್ಲೆಕ್ಸಿಗೆ ಅಂಕ ಬೇಕಾದವರು ಹಾಗೆ ಹೇಳುವುದಿಲ್ಲ.

ಅವರ ಹೊಸ ಬ್ಯಾಚ್ ಮೇ ತಿಂಗಳಲ್ಲಿ ಶುರು. ಜೂನಿಗೆ ಹೋದರೆ ಜಾಗ ಇರುವುದಿಲ್ಲ. ಮೊದಲ ಪಿಯುಸಿ ಮಕ್ಕಳನ್ನು ಸಂಜೆ ಬ್ಯಾಚಿಗೆ ತಗೊಳ್ಳುತ್ತಾರೆ, ಎರಡನೇ ಪಿಯುಸಿಗೆ ಬೆಳಗ್ಗೆ ಮಾತ್ರ. ನೀಟ್‌ಗೆ ಅಂತ ಹೋದರೆ, ನನ್ನ ಹತ್ತಿರ ಅದು ಆಗಲ್ಲ ಎಂದು ಅವರೇ ನೇರವಾಗಿ ಹೇಳುತ್ತಾರೆ. ಗೊತ್ತಿರುವವರು ಅಂಗಡಿಗೆ ಬಂದರೆ, ಮೊದಲು ಮೇಷ್ಟ್ರಿಗೆ ಫೋನ್ ಮಾಡಿ ಕೇಳಿ, ಅವರು ಹೂಂ ಎಂದರೆ ಮನೆ ತೋರಿಸುತ್ತೇನೆ. ಹೋಗುವಾಗ ಮಗುವಿನ ಫಸ್ಟ್ ಪಿಯು ಉತ್ತರಪತ್ರಿಕೆ ಕೈಯಲ್ಲಿದ್ದರೆ ತಗೊಂಡು ಹೋಗಿ. ಮಾರ್ಕ್ಸ್ ಕಾರ್ಡ್ ತೋರಿಸಿದರೆ ಅವರು ತಿರುಗಿಯೂ ನೋಡುವುದಿಲ್ಲ, ಉತ್ತರಪತ್ರಿಕೆಯಾದರೆ ಕನ್ನಡಕ ಹಾಕಿಕೊಂಡು ಪುಟ ಪುಟ ಓದುತ್ತಾರೆ.